ಮಂಚದ ಕೆಳಗಿನ ಸೇನೆ

ಅಣ್ಣನ ಮಗಳ ಮನೆಯಲ್ಲಿ ಬಿಡುವಾಗಿದ್ದದ್ದು ಒಂದೇ ಕೋಣೆ. ಕಿಟಕಿ ಇರುವ ಗೋಡೆಗೆ ಅಣ್ಣನ ಮಂಚ. ಎದುರಿನ ಗೋಡೆಗೆ ಅಣ್ಣನ ಟ್ಯಾಂಕುಗಳ ಗಾಜಿನ ಬೀರು, ಇಲ್ಲವೇ ನನ್ನ ಮಂಚ. ಎರಡೂ ಹಿಡಿಯುವುದಿಲ್ಲ. ಅವಳು ಇದನ್ನು ನಗುತ್ತಲೇ ಹೇಳಿದಳು. ಚಿಕ್ಕವಳಿದ್ದಾಗ ಹಾಲಿನ ಲೋಟ ಬೀಳಿಸಿ ನನ್ನೆದುರು ಬಂದು ನಿಲ್ಲುತ್ತಿದ್ದಳಲ್ಲ, ಆ ನಗು.

"ನಾನೇನ್ ಮಾಡ್ಲಿ ಅತ್ತೆ, ಕೋಣೆ ಎಳದ್ರೆ ಹಿಗ್ಗಲ್ವಲ್ಲ."

"ಬೀರು ಬಿಟ್ ಬರ್ತೀಯಾ ಅಂತ ಅಪ್ಪನ್ನ ಕೇಳಿದ್ಯಾ?"

"ಕೇಳಿದ್ರೆ ಏನಂತಾರೆ ಅಂತ ನಿಂಗೊತ್ತಿಲ್ವಾ!"

ಗೊತ್ತಿತ್ತು. ನಾವಿದ್ದ ಬಾಡಿಗೆ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸುವವರಿದ್ದರು; ಎರಡು ತಿಂಗಳೊಳಗೆ ಬಿಡಬೇಕಿತ್ತು. ಎಪ್ಪತ್ತು ದಾಟಿದ ಅಣ್ಣ ಮಗಳ ಮನೆಗೆ ಹೋಗುವುದು ಎಂದು ಮೊದಲ ದಿನವೇ ತೀರ್ಮಾನವಾಯಿತು. ನನ್ನ ವಿಷಯ ಯಾರ ಬಾಯಿಗೂ ಬರಲಿಲ್ಲ. ನಾನು ಆ ಮನೆಗೆ ಬಂದದ್ದು ಅತ್ತಿಗೆ ಹಾಸಿಗೆ ಹಿಡಿದಾಗ, ಹತ್ತು ದಿನದ ಮಟ್ಟಿಗೆ. ಅತ್ತಿಗೆ ಏಳಲಿಲ್ಲ, ನಾನು ಹೊರಡಲಿಲ್ಲ. ಹುಡುಗಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಅವಳ ತಲೆ ಬಾಚಿ ಶಾಲೆಗೆ ಕಳಿಸಿ, ನಾನು ಕೆಲಸಕ್ಕೆ ಹೋಗಿ ಬಂದು, ಅವಳ ಮದುವೆಯಾಗಿ, ಈಗ ಅವಳ ಮಗನಿಗೇ ಮೀಸೆ ಚಿಗುರಿದೆ. ಆ ಹತ್ತು ದಿನ ಇನ್ನೂ ನಡೆಯುತ್ತಲೇ ಇತ್ತು.

ಟ್ಯಾಂಕು ಎಂದರೆ ನೀರಿನ ಟ್ಯಾಂಕಲ್ಲ, ಯುದ್ಧದ್ದು. ಅಂಗೈ ಮೇಲೆ ಕೂರುವಷ್ಟು ಚಿಕ್ಕವು. ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ, ಮೂರು ಕೂದಲಿನ ಕುಂಚ ಹಿಡಿದು ಬಣ್ಣ ಬಳಿಯಬೇಕು. ಭಾನುವಾರ ಬಂತೆಂದರೆ ಅಣ್ಣ ಮತ್ತು ಅವನ ಗೆಳೆಯರು, ಎಲ್ಲ ತಲೆ ನರೆತವರೇ, ಸ್ಟೇಷನರಿ ಅಂಗಡಿಯ ಹಿಂದಿನ ದೊಡ್ಡ ಕೋಣೆಯಲ್ಲಿ ಸೇರುತ್ತಿದ್ದರು. ಮೇಜಿನ ಮೇಲೆ ಹಸಿರು ಬಟ್ಟೆ, ಥರ್ಮಕೋಲಿನ ಗುಡ್ಡ. ಟೇಪು ಹಿಡಿದು ಅಳೆದು ಟ್ಯಾಂಕು ಸರಿಸುವುದು, ದಾಳ ಉರುಳಿಸಿ ಯಾರ ಟ್ಯಾಂಕು ಸುಟ್ಟಿತೆಂದು ಜಗಳವಾಡುವುದು. ನೋಡಿ ನಕ್ಕರೆ ಅವರಿಗೆ ಕೋಪ ಬರುತ್ತದೆ. ಟ್ಯಾಂಕಿನ ಚಕ್ರಕ್ಕೆ ಕೆಸರು ಮೆತ್ತಿದಂತೆ ಕಾಣಲು ಅಣ್ಣ ಇಡೀ ವಾರ ಬಣ್ಣ ಬೆರೆಸುತ್ತಿದ್ದ. ನಾನು ಚಪ್ಪಲಿಯಲ್ಲಿ ನಿಜವಾದ ಕೆಸರು ತಂದರೆ ಬಾಗಿಲಲ್ಲೇ ಬೈಯುತ್ತಿದ್ದ. ಬೀರಿನ ಧೂಳನ್ನು ಸಹ ಅವನೇ ಒರೆಸಬೇಕು. ಅಷ್ಟು ವರ್ಷದಲ್ಲಿ ಒಂದು ಟ್ಯಾಂಕನ್ನೂ ನನ್ನ ಕೈಗೆ ಕೊಟ್ಟವನಲ್ಲ.

ನನ್ನ ಕೆಲಸವೋ, ಅಂಥ ಟ್ಯಾಂಕುಗಳಿಗೇ ಹಾಸಿಗೆ ಮಾಡುವುದು. ನಮ್ಮ ಶೆಡ್ಡಿನಲ್ಲಿ ಫೋಮ್ ಕೊಯ್ಯುತ್ತೇವೆ. ಕ್ಯಾಮೆರಾ, ಕೊಳಲು, ಹಲ್ಲಿನ ಡಾಕ್ಟರ ಇಕ್ಕಳ, ಏನು ಕೊಟ್ಟರೂ ಅದರ ಆಕಾರಕ್ಕೆ ಗೂಡು ಕೊಯ್ದು ಪೆಟ್ಟಿಗೆಯಲ್ಲಿ ಕೂರಿಸಿ ಕೊಡುತ್ತೇವೆ. ಈಚೆಗೆ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅಣ್ಣನಂಥವರೇ. ಟ್ಯಾಂಕಿನ ಗೂಡು ಸುಲಭದ್ದಲ್ಲ. ಅದರ ಮೈ ದಪ್ಪ, ಮುಂದೆ ಚಾಚಿದ ತೋಪಿನ ನಳಿಗೆ ಬೆಂಕಿಕಡ್ಡಿಗಿಂತ ಸಣ್ಣ. ಮೈಯನ್ನು ಬಿಗಿಯಾಗಿ ಹಿಡಿಯಬೇಕು, ನಳಿಗೆಯನ್ನು ಮುಟ್ಟಲೇಬಾರದು. ಗೂಡು ವಸ್ತುವಿಗಿಂತ ಒಂದೆಳೆ ಚಿಕ್ಕದಿದ್ದರೆ ಫೋಮ್ ತಾನಾಗಿ ಅಪ್ಪಿಕೊಳ್ಳುತ್ತದೆ. ಗೂಡಿಗೂ ಗೂಡಿಗೂ ನಡುವೆ ಎರಡು ಬೆರಳಿನ ಗೋಡೆ ಬಿಡಬೇಕು.

ಅಣ್ಣನ ಮಗಳು ಕೋಣೆಯ ಮಾತೆತ್ತಿದ ದಿನವೇ ನನಗೆ ಇದು ಹೊಳೆದದ್ದು.

"ಬೀರು ಬೇಡ್ವೇ ಬೇಡ ಕಣೇ. ಎಲ್ಲ ಟ್ಯಾಂಕನ್ನೂ ಒಂದು ಪೆಟ್ಟಿಗೆಗೆ ಹಾಕಿ ಅಪ್ಪನ ಮಂಚದ ಕೆಳಗೆ ತಳ್ಳಿದ್ರೆ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಅಷ್ಟೂ ಹಿಡಿಯತ್ತಾ?"

"ಹಿಡಿಸೋದು ನನ್ನ ಕೆಲಸ."

"ಹಿಡಿದ್ರೆ ಇನ್ನೇನು ಅತ್ತೆ, ಗೋಡೆ ನಿಂದೇ," ಎಂದಳು.

ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಕಣ್ಣು ತುಂಬಿ ಬಂತು. ಮಂಚದ ಕೆಳಗಿನ ಉದ್ದ ಅಗಲ ಎತ್ತರವನ್ನು ಅಲ್ಲೇ ಬಗ್ಗಿ ಅವಳೇ ಅಳೆದು ಹೇಳಿದಳು.

ಶೆಡ್ಡಿನಲ್ಲಿ ನನ್ನ ಪಕ್ಕದ ಮೇಜು ಅಂಟಕ್ಕನದು. ನಾನು ಕೊಯ್ದ ಪದರಗಳಿಗೆ ಅವಳು ಅಂಟು ಬಳಿದು ತಳ ಕೂರಿಸುತ್ತಾಳೆ. ಆ ಹೆಸರು ಬಂದದ್ದು ಅದಕ್ಕೇ. ಅವಳ ನಾಲಿಗೆ ಮಾತ್ರ ಎಲ್ಲಿಯೂ ಅಂಟುವುದಿಲ್ಲ.

"ಅಂದ್ರೆ ನಿನ್ನ ಸೇನಾಪತಿಗೆ ಮಂಚ, ಸೇನೆಗೆ ಮಂಚದ ಕೆಳಗೆ. ನಿಂಗೆ?"

"ಎದುರಿನ ಗೋಡೆ."

"ಗೋಡೆ ಕೊಡ್ತೀನಿ ಅಂದ್ಳಾ, ಗೋಡೆ ತೋರಿಸ್ತೀನಿ ಅಂದ್ಳಾ?"

"ನಾನೇ ಎತ್ತಿ ಆಡಿಸಿದ ಮಗು ಕಣೇ ಅದು."

"ಮಗು!" ಎಂದು ಅಂಟಕ್ಕ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ಮಗುಗೆ ಮೊಣಕಾಲು ನೋವು ಶುರುವಾಗಿರೋ ವಯಸ್ಸು. ಆಯ್ತು, ಕೊಯ್ಯಿ, ಕೊಯ್ಯಿ."

ಯಜಮಾನರು ಒಳ್ಳೆಯವರು. ಮಿಕ್ಕಿದ ಫೋಮ್ ಹಾಳೆಗಳನ್ನು ತೆಗೆದುಕೊಳ್ಳಿ ಎಂದರು. ಒಂದೇ ಮಾತು ಹೇಳಿದರು: "ವಸ್ತು ಕೈಗೆ ಬರದೆ ಬ್ಲೇಡ್ ಎತ್ತಬೇಡಿ." ಅದು ಶೆಡ್ಡಿನ ನಿಯಮ. ಹೊಸಬರಿಗೆ ಅದನ್ನು ಹೇಳಿಕೊಡುವವಳೂ ನಾನೇ.

ಆ ಸಂಜೆ ಅಣ್ಣನನ್ನು ಕೇಳಿದೆ. ಅವನು ಕಿಟಕಿಯ ಬಳಿ ಕನ್ನಡಕದ ಮೇಲೊಂದು ಭೂತಗಾಜು ಕಟ್ಟಿಕೊಂಡು ಏನನ್ನೋ ಉಜ್ಜುತ್ತಿದ್ದ.

"ಅಣ್ಣ, ಟ್ಯಾಂಕ್ ಕೊಡು. ದಿನಾ ಒಂದಷ್ಟು ಶೆಡ್ಡಿಗೆ ತಗೊಂಡ್ ಹೋಗಿ ಗೂಡು ಕೊಯ್ದು ವಾಪಸ್ ತರ್ತೀನಿ."

"ಹೇಗ್ ತಗೊಂಡ್ ಹೋಗ್ತೀಯಾ?"

"ಹೇಗೆ ಅಂದ್ರೆ? ಬಸ್ಸಲ್ಲಿ."

ಭೂತಗಾಜಿನ ಹಿಂದೆ ಅವನ ಒಂದು ಕಣ್ಣು ದೋಸೆಕಾವಲಿಯಷ್ಟು ದೊಡ್ಡದಾಗಿ ಕಂಡಿತು. "ಬಸ್ಸಲ್ಲಿ! ತಲೆ ನೆಟ್ಟಗಿದೆಯಾ ನಿಂಗೆ? ನಿಂತವರ ಮೊಣಕೈ ತಗುಲಿದ್ರೆ? ಏರಿಯಲ್ ಕಡ್ಡಿ ಮುರಿದ್ರೆ ಮಾಡಿಕೊಡ್ತೀಯಾ?"

"ನೋಡದೆ ಕೊಯ್ಯೋ ಹಾಗಿಲ್ಲ ಅಣ್ಣ."

"ನಾನೇ ಬರ್ದು ಕೊಡ್ತೀನಿ. ಒಂದೊಂದನ್ನೂ ಹಾಳೆ ಮೇಲಿಟ್ಟು ಸುತ್ತ ಗೆರೆ ಎಳೀತೀನಿ, ಎತ್ತರಾನೂ ಬರೀತೀನಿ. ಸಾಲದಾ?"

ಬೇರೆ ಗಿರಾಕಿ ಹೀಗೆ ಅಂದಿದ್ದರೆ ವಾಪಸ್ ಕಳಿಸುತ್ತಿದ್ದೆ. ಆದರೆ ಮಾರನೇ ದಿನದಿಂದ ಅವನು ನಿಜಕ್ಕೂ ಬರೆಯಲು ಕೂತ. ಪೆನ್ಸಿಲನ್ನು ಸೂಜಿಯಂತೆ ಚೂಪು ಮಾಡಿ, ಉಸಿರು ಬಿಗಿಹಿಡಿದು, ಒಂದೊಂದರ ಸುತ್ತ ಗೆರೆ ಎಳೆದ. ಭಾನುವಾರ ಆಟಕ್ಕೆ ಹೋಗುವಾಗಲೂ ಹಾಳೆ ಕಟ್ಟಿಕೊಂಡು ಹೋದ. ಊಟಕ್ಕೆ ಕರೆದರೆ "ತಡಿ, ಇದೊಂದು ಆಗ್ಲಿ" ಎನ್ನುತ್ತಿದ್ದ. ನಮ್ಮಣ್ಣ ನನಗೋಸ್ಕರ ಬೆನ್ನು ಬಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವನ ಟೀ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿದೆ.

ಹಾಳೆಗಳು ಬಂದವು. ಗೆರೆಗಳನ್ನು ಕತ್ತರಿಸಿ, ರಟ್ಟಿಗಂಟಿಸಿ, ಶೆಡ್ಡಿನ ನೆಲದಲ್ಲಿ ಮಂಚದ ಅಳತೆಗೆ ಸೀಮೆಸುಣ್ಣದ ಚೌಕ ಎಳೆದು, ಊಟದ ಬಿಡುವಿನಲ್ಲಿ ಜೋಡಿಸಲು ಕೂತೆ. ಎರಡು ಅಂತಸ್ತು ಮಾಡಬಹುದಿತ್ತು, ಎತ್ತರ ಅಷ್ಟಿತ್ತು. ಮೊದಲು ಎಲ್ಲವನ್ನೂ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿಸಿದೆ. ಹಿಡಿಯಲಿಲ್ಲ. ತಲೆ-ಬಾಲ, ತಲೆ-ಬಾಲ ಮಾಡಿದೆ, ಒಂದರ ನಳಿಗೆ ಇನ್ನೊಂದರ ಪಕ್ಕೆಯ ಸಂದಿಗೆ ಬರುವಂತೆ. ಸ್ವಲ್ಪ ಜಾಗ ಉಳಿಯಿತು. ಸಾಲಲಿಲ್ಲ. ತಿರುಗುವ ಗೋಪುರಗಳನ್ನು ಕಳಚಿ ಮೂಲೆಮೂಲೆಗೆ ತುರುಕಿದೆ. ಎರಡು ಬೆರಳಿನ ಗೋಡೆಯನ್ನು ಒಂದು ಬೆರಳಿಗೆ ಇಳಿಸಿದೆ. ಅದು ಮಾಡಬಾರದ ಕೆಲಸ. ಬೇರೆ ಯಾರಾದರೂ ಮಾಡಿದ್ದರೆ ಕೈ ಮೇಲೆ ಹೊಡೆಯುತ್ತಿದ್ದೆ.

"ಒಂದೂವರೆ ಬೆರಳಾದ್ರೂ ಬಿಡು ಮಾರಾಯ್ತಿ," ಎಂದಳು ಅಂಟಕ್ಕ. "ಅಂಟು ಹಚ್ಚೋಕೆ ನಂಗೆ ಜಾಗ ಬೇಡ್ವಾ?"

"ಇನ್ನೂ ಇಷ್ಟು ಹೊರಗಿದ್ಯಲ್ಲೇ."

ಸೀಮೆಸುಣ್ಣದ ಗೆರೆಯ ಹೊರಗೆ ರಟ್ಟಿನ ಟ್ಯಾಂಕುಗಳು ಬಸ್ಸು ಹತ್ತಲು ಜಾಗ ಸಿಗದವರ ಹಾಗೆ ಗುಂಪಾಗಿ ನಿಂತಿದ್ದವು. ಊಟದ ಬಿಡುವುಗಳೆಲ್ಲ ಹಾಗೇ ಹೋದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಕಾಲು ಮಡಚಿ, ಮಂಡಿ ಎದೆಗೆ ಹಚ್ಚಿ, ಉಸಿರು ಕಟ್ಟಿ ನೋಡಿದೆ. ಹಾಸಿಗೆ ಸಾಲಲಿಲ್ಲ.

ಕೊನೆಗೆ ನಾನೇ ಮಗಳಿಗೆ ಫೋನು ಮಾಡಿದೆ.

"ಒಂದು ಪೆಟ್ಟಿಗೆಗೆ ಆಗಲ್ಲ ಕಣಮ್ಮ. ಇನ್ನೊಂದು ಬೇಕು. ಅದು ಗೋಡೆಗೇ ನಿಲ್ಬೇಕು."

"ಅಯ್ಯೋ ಅತ್ತೆ," ಎಂದಳು. ಆಮೇಲೆ ಬಹಳ ಮೃದುವಾಗಿ, "ನೀನು ಪ್ರಯತ್ನ ಪಟ್ಯಲ್ಲ, ಬಿಡು. ನಿಂಗೆ ಶೆಡ್ಡಿನ ಹತ್ರಾನೇ ಒಂದು ರೂಮ್ ನೋಡೋಣ. ಓಡಾಟಾನೂ ತಪ್ಪತ್ತೆ."

ಆ ಮೃದುತನಕ್ಕೆ ಹೂಂ ಎಂದು ಫೋನಿಟ್ಟೆ. ಅಣ್ಣನಿಗೆ ಹೇಳಿದೆ. ಅವನು ಕುಂಚ ತೊಳೆಯುತ್ತಾ, "ನೀನೇ ಅಳೆದು ನೋಡಿದ್ಯಲ್ಲ," ಎಂದ. ಅಷ್ಟೇ.

ಹೌದು, ನಾನೇ ಅಳೆದಿದ್ದೆ. ಬೇರೆ ಯಾರಾದರೂ ನಿನಗೆ ಜಾಗ ಇಲ್ಲ ಅಂದಿದ್ದರೆ ಜಗಳವಾಡಬಹುದಿತ್ತು. ನನ್ನದೇ ಕೈ ಹೇಳಿದ ಮೇಲೆ ಯಾರ ಹತ್ತಿರ ಆಡಲಿ? ಎರಡೂ ಪೆಟ್ಟಿಗೆಗಳನ್ನು ಮಾಡಿ ಮುಗಿಸಿದೆ. ಈಗ ಜಾಗಕ್ಕೆ ಬರವಿರಲಿಲ್ಲ. ಎರಡು ಬೆರಳಿನ ಗೋಡೆಯನ್ನೇ ಬಿಟ್ಟೆ. ಚೆನ್ನಾಗಿ ಬಂದವು. ಶೆಡ್ಡಿಗೆ ಬಂದ ಗಿರಾಕಿಯೊಬ್ಬ ನೋಡಿ, ತನಗೂ ಇಂಥದ್ದೇ ಬೇಕು ಎಂದ.

ಮನೆ ಬಿಡುವ ವಾರ ಬಂತು. ಒಂದು ರಜೆಯ ಬೆಳಿಗ್ಗೆ ಅಣ್ಣ ಬೀರಿನ ಗಾಜು ಸರಿಸಿ ಟ್ಯಾಂಕುಗಳನ್ನು ಗೂಡಿಗಿಳಿಸಲು ಶುರು ಮಾಡಿದ. ನಾನು ಪಕ್ಕದಲ್ಲಿ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದೆ. ಎರಡು ಬೆರಳ ತುದಿಯಲ್ಲಿ ಹಿಡಿದು ಒಂದೊಂದನ್ನೇ ಇಳಿಸುತ್ತಿದ್ದ. ಪ್ರತಿ ಸಲ ಫೋಮು 'ಉಫ್' ಅಂತ ಸಣ್ಣ ಸದ್ದು ಮಾಡಿ ಹಿಡಿದುಕೊಳ್ಳುತ್ತಿತ್ತು. ಅವನ ಮುಖ ನೋಡಬೇಕಿತ್ತು. ಮಗಳನ್ನು ಗಂಡನ ಮನೆಗೆ ಕಳಿಸಿದ ದಿನವೂ ಅಷ್ಟು ಕರಗಿರಲಿಲ್ಲ.

ಬೀರು ಖಾಲಿಯಾಯಿತು. ಮೊದಲ ಪೆಟ್ಟಿಗೆ ತುಂಬಿತ್ತು. ಎರಡನೆಯದರಲ್ಲಿ ಒಂದು ಮೂಲೆಯಲ್ಲಿ ಮಾತ್ರ ಟ್ಯಾಂಕುಗಳಿದ್ದವು. ಉಳಿದ ಗೂಡುಗಳು ಬಾಯಿ ತೆರೆದು ಬಿದ್ದಿದ್ದವು.

"ಇವುಗಳ ಟ್ಯಾಂಕ್ ಎಲ್ಲಿ?" ಎಂದೆ.

"ಯಾವುದು?"

"ಈ ಗೂಡಿಂದು. ಇದು, ಇದು, ಈ ಸಾಲು ಪೂರ್ತಿ."

ಅಣ್ಣ ಚರ್ಮದ ತುಂಡಿನಿಂದ ಕನ್ನಡಕ ಒರೆಸಿದ. "ಅವು ಬರೋದಿದೆ."

"ಎಲ್ಲಿಂದ?"

"ತಗೋಬೇಕು ಇನ್ನು. ನಿಧಾನಕ್ಕೆ."

ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. "ಇಲ್ಲದೇ ಇರೋದರ ಸುತ್ತ ಗೆರೆ ಹೇಗ್ ಎಳೆದೆ?"

"ಗೆಳೆಯರ ಹತ್ರ ಇದೆಯಲ್ಲ. ಅವರದ್ದಿಟ್ಟು ಎಳೆದೆ." ಭಾನುವಾರ ಹಾಳೆ ಕಟ್ಟಿಕೊಂಡು ಹೋದದ್ದು ಅದಕ್ಕೆ. "ನಮ್ಮಲ್ಲಿ ಹಂಗೇ ಕಣೇ. ಖಾಲಿ ಗೂಡಿಲ್ಲದ ಪೆಟ್ಟಿಗೆ ಅಂದ್ರೆ ಆಟ ಮುಗಿಸಿದವನ ಪೆಟ್ಟಿಗೆ ಅಂತ ಲೆಕ್ಕ. ನೋಡಿದವರು ಏನಂದ್ಕೋತಾರೆ? ಯಾರೇ ಮಾಡಿಸಲಿ, ಮುಂದೆ ಬರೋದಕ್ಕೆ ಜಾಗ ಬಿಟ್ಟೇ ಮಾಡಿಸ್ತಾರೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ! ನಿಂಗೆ ಎಪ್ಪತ್ತೆರಡು ಅಣ್ಣ!"

"ಅದಕ್ಕೇನೀಗ?"

"ಮುಂದೆ ಎಂದೋ ಬರೋ ಟ್ಯಾಂಕಿಗೆಲ್ಲ ಜಾಗ ಇಟ್ಟೆ. ಹುಟ್ಟಿ ಅರವತ್ತೈದು ವರ್ಷ ಆಗಿ ನಿನ್ನೆದುರಿಗೇ ನಿಂತಿದೀನಲ್ಲ, ನಂಗೆ?"

ಅವನು ಖಾಲಿ ಗೂಡೊಂದರ ಅಂಚಿನ ಫೋಮ್ ಚೂರನ್ನು ಉಗುರಿನಿಂದ ಕಿತ್ತ. ನನಗೆ ಕೋಪ ನೆತ್ತಿಗೇರಿತ್ತು, ಆದರೆ ಅದರ ಜೊತೆಗೇ ಇನ್ನೊಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಸೀಮೆಸುಣ್ಣದ ಗೆರೆಯ ಹೊರಗೆ ನಿಂತ ಗುಂಪು ನೆನಪಾಯಿತು. ಈ ಹುಟ್ಟದವುಗಳನ್ನು ತೆಗೆದು ಹಾಕಿದರೆ? ಹಿಡಿಯುತ್ತದೆ. ಗೂಡಿನ ಗೋಡೆಗೆ ಒಂದೂವರೆ ಬೆರಳು ಬಿಟ್ಟರೂ ಹಿಡಿಯುತ್ತದೆ. ಎಲ್ಲವೂ ಒಂದೇ ಪೆಟ್ಟಿಗೆಗೆ.

"ನಾಳಿದ್ದು ತಾನೇ ಗಾಡಿ ಬರೋದು? ನಾನು ಇನ್ನೊಂದ್ಸಲ ಕೊಯ್ತೀನಿ," ಎಂದೆ.

"ಯಾಕ್ ಸುಮ್ನೆ ಒದ್ದಾಡ್ತೀಯಾ," ಎಂದ ಅಣ್ಣ, ತಲೆ ಎತ್ತದೆ. "ಆಗಿದ್ದಾಯ್ತು. ಬಿಡು."

ಅವನ ಖಾಲಿ ಗೂಡುಗಳ ಆಸೆ ಹಾಗೆ ಮಾತಾಡಿಸುತ್ತಿದೆ ಎಂದುಕೊಂಡೆ. "ಈ ಸಲ ಟ್ಯಾಂಕ್ ನನ್ನ ಕೈಗೆ ಬರ್ಬೇಕು. ಶೆಡ್ಡಿಗೆ ಒಯ್ಯಲ್ಲ, ಇಲ್ಲೇ ಕೂತು ಕೊಯ್ತೀನಿ. ನೀನು ಪಕ್ಕದಲ್ಲೇ ಕೂತು ನೋಡ್ತಾ ಇರು, ಬೇಕಾದ್ರೆ ಕಣ್ಮುಚ್ಕೋ."

ಯಜಮಾನರಿಗೆ ಫೋನು ಮಾಡಿ ಶೆಡ್ಡಿನಿಂದ ಹಾಳೆ ಫೋಮು, ಬ್ಲೇಡುಗಳು, ಅಂಟಿನ ಡಬ್ಬಿ ತಂದೆ. ಅಂಟಕ್ಕನೂ ಬಂದಳು, ಕರೆಯದೆ. ನಡುಮನೆಯ ನೆಲದಲ್ಲಿ ಹಳೆಯ ಪರದೆ ಹಾಸಿ ಕೂತೆವು. ಅಷ್ಟು ವರ್ಷ ಗಾಜಿನ ಹಿಂದಿದ್ದವನ್ನು ಆಗ ಮುಟ್ಟಿದೆ. ಇಷ್ಟೊಂದು ಹಗುರ ಅಂತ ನನಗೆ ಗೊತ್ತೇ ಇರಲಿಲ್ಲ. ಬೀರಿನ ಮುಂದೆ ಓಡಾಡುವಾಗಲೆಲ್ಲ ಕಬ್ಬಿಣದ ಮುಂದೆ ಓಡಾಡಿದ ಹಾಗೆ ಮೈ ಹಿಡಿ ಮಾಡಿಕೊಂಡು ಓಡಾಡಿದ್ದೆ.

"ನಿಧಾನ, ನಿಧಾನ... ನಳಿಗೆ, ನಳಿಗೆ!" ಎಂದು ಅಣ್ಣ ಕುರ್ಚಿಯ ತುದಿಗೆ ಬಂದಿದ್ದ.

"ಸೇನಾಪತಿಗಳೇ, ಹೆರಿಗೆ ಕೋಣೆ ಬಾಗಿಲಲ್ಲಿ ನಿಂತ ಗಂಡನ ಹಂಗೆ ಆಡ್ಬೇಡಿ," ಎಂದಳು ಅಂಟಕ್ಕ. "ಒಳಗೆ ಎಲ್ಲ ಕ್ಷೇಮ."

ಅವನು ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಟ್ಯಾಂಕುಗಳನ್ನು ನನ್ನ ಕೈಯಲ್ಲಿ ಬಿಟ್ಟು ಅವನು ಎದ್ದು ಹೋದನಲ್ಲ ಅಂತ ನನಗೆ ಆಗಲೇ ವಿಚಿತ್ರವೆನಿಸಬೇಕಿತ್ತು. ಅನಿಸಲಿಲ್ಲ. ಕೈ ತುಂಬ ಕೆಲಸವಿತ್ತು, ಮನಸ್ಸಿನಲ್ಲಿ ಒಂದು ಗೋಡೆಯಿತ್ತು. ಆ ಗೋಡೆಗೆ ಮಂಚವನ್ನು ಯಾವ ಕಡೆ ತಲೆ ಮಾಡಿ ಹಾಕಬೇಕು ಎಂದು ಯೋಚಿಸುತ್ತಿದ್ದೆ.

ಮಾರನೇ ದಿನ ಸಂಜೆಗೆ ಮುಗಿಯಿತು. ಎಲ್ಲ ಟ್ಯಾಂಕುಗಳೂ ಎರಡು ಅಂತಸ್ತಿನಲ್ಲಿ ಮಲಗಿದವು. ಮುಚ್ಚಳ ಒತ್ತಡವಿಲ್ಲದೆ ಕೂತಿತು. ಅಣ್ಣನ ಮಂಚದ ಕೆಳಗೆ ತಳ್ಳಿ ನೋಡಿದೆವು, ಸಲೀಸಾಗಿ ಹೋಯಿತು. ಅಂಟಕ್ಕ ಸೊಂಟ ಹಿಡಿದುಕೊಂಡು ಎದ್ದು, "ನಡಿ, ನಿನ್ನ ಗೋಡೆ ನಿಂಗೆ ಬಂತು. ನನ್ನ ಮಾತು ವಾಪಸ್ ತಗೊಂಡೆ," ಎಂದಳು. ಅವಳು ಮಾತು ವಾಪಸ್ ತೆಗೆದುಕೊಂಡದ್ದನ್ನು ಶೆಡ್ಡಿನಲ್ಲಿ ಯಾರೂ ಕಂಡಿಲ್ಲ.

ಗಾಡಿಯ ಜೊತೆ ಮಗಳೂ ಅಳಿಯನೂ ಬಂದರು. ಅಳಿಯ ಸಾಧು ಮನುಷ್ಯ. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ, ಅದೇ ಅವನ ಕೊರತೆ ಅಂತ ಮಗಳು ಎಷ್ಟೋ ಸಲ ನನ್ನ ಹತ್ತಿರ ದೂರಿದ್ದಾಳೆ. ನಾನು ಇಬ್ಬರನ್ನೂ ನೇರ ಅಣ್ಣನ ಕೋಣೆಗೆ ಕರೆದುಕೊಂಡು ಹೋದೆ. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು, ಮುಚ್ಚಳ ತೆಗೆದು, ಮೇಲಿನ ಅಂತಸ್ತು ಎತ್ತಿ ಕೆಳಗಿನದನ್ನೂ ತೋರಿಸಿದೆ.

"ಎಲ್ಲಾ ಹಿಡೀತು ನೋಡು. ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮಪ್ಪ ಇನ್ನೂ ಬರ್ದೇ ಇರೋದನ್ನೆಲ್ಲ ಸೇರಿಸಿ ಗೆರೆ ಎಳೆದಿದ್ದ. ಈಗ ಗೋಡೆ ಖಾಲಿ. ನನ್ನ ಮಂಚಾನೂ ಗಾಡಿಗೆ ಹಾಕ್ಸು."

ಮಗಳು ಪೆಟ್ಟಿಗೆ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಸುಮ್ಮನಿರಿ ಎಂಬ ನೋಟವದು. ಆದರೆ ಅವನು ಪೆಟ್ಟಿಗೆಯ ಚಂದಕ್ಕೆ ಬೆರಗಾಗಿ ಬಗ್ಗಿ ನೋಡುತ್ತಿದ್ದ.

"ಎಂಥಾ ಕೆಲಸ ಅತ್ತೆ! ಆದ್ರೆ ನಮ್ಮನೇಲಿ ಯಾವ ಗೋಡೆಗೆ ಮಂಚ? ಆ ಗೋಡೆಗೆ ಬಡಗಿ ಬಟ್ಟೆ ಬೀರು ಕೂರ್ಸಿ ಹೋಗಿ ಎರಡು ತಿಂಗಳಾಯ್ತಲ್ಲ. ಗೋಡೆ ತುಂಬಾ ಇದೆ, ಮೇಲಿಂದ ಕೆಳಗಿನ ತನಕ."

ಎರಡು ತಿಂಗಳು. ಮಗಳು ನನಗೆ ಕೋಣೆಯ ವಿಷಯ ಹೇಳಿ ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ.

"ಅದಲ್ಲ ಅತ್ತೆ..." ಎಂದಳು ಅವಳು.

"ಮತ್ಯಾವುದು?"

"ನೀನು ಪೆಟ್ಟಿಗೆ ಮಾಡ್ತೀನಿ ಅಂದಾಗ ನಂಗೇನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಿನ್ನ ಮುಖ ಅಷ್ಟು... ಅಷ್ಟೊಂದು ಟ್ಯಾಂಕು ಹೆಂಗೂ ಹಿಡಿಯಲ್ಲ ಅಂದ್ಕೊಂಡೆ. ಆಮೇಲೆ ಅಪ್ಪಂಗೆ ಹೇಳಿದೆ, ಗೋಡೆಗೆ ಬಟ್ಟೆ ಬೀರು ಆಗೋಗಿದೆ, ಅತ್ತೆಗೆ ನೀವೇ ಹೇಳ್ಬಿಡಿ ಅಂತ. ಅಪ್ಪ, ನಾನು ನೋಡ್ಕೋತೀನಿ ಅಂದ್ರು." ಅವಳ ಕಣ್ಣಲ್ಲಿ ನೀರಿತ್ತು. ನಾನು ಒರೆಸಲಿಲ್ಲ.

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಕಡೆ ತಿರುಗಿದೆ.

"ಯಾವಾಗ ಹೇಳಿದ್ಳು ನಿಂಗೆ?"

ಅವನು ಬಾಗಿಲ ಚಿಲಕವನ್ನು ಮೇಲೆ ಕೆಳಗೆ ಆಡಿಸಿದ.

"ನೀನು ಗೆರೆ ಎಳೆಯೋಕೆ ಮುಂಚೇನಾ, ಆಮೇಲಾ?"

"ಮುಂಚೆ," ಎಂದ.

"ಹಂಗಾದ್ರೆ ಆ ಖಾಲಿ ಗೂಡೆಲ್ಲ ಮುಂದೆ ಬರೋ ಟ್ಯಾಂಕಿಗೋ, ನಂಗೆ ಜಾಗ ಇಲ್ಲ ಅಂತ ಹೇಳೋಕೋ?"

ಹೊರಗೆ ಗಾಡಿಯವರು ಬೀರನ್ನು ಎತ್ತುವ ಸದ್ದು. ಗಾಜು ತೆಗೆದ ಖಾಲಿ ಬೀರು. ಅದನ್ನು ಹಳೇ ಸಾಮಾನಿನವನಿಗೆ ಕೊಡುವುದು ಎಂದಾಗಿತ್ತು. ಅಣ್ಣ ಆ ಕಡೆ ನೋಡುತ್ತಲೇ ಹೇಳಿದ. "ನನ್ನ ಬಾಯಿಂದ ಹೇಳೋಕೆ ಆಗ್ಲಿಲ್ಲ ಕಣೇ. ನಿನ್ನ ಅಳತೆಗೇ ಬರ್ಲಿ ಅಂದ್ಕೊಂಡೆ. ನೀನೇ ಅಳೆದು ಆಗಲ್ಲ ಅಂದ್ರೆ ನಿಂಗೂ ಬೇಜಾರಾಗಲ್ಲ, ಮಗೂಗೂ ಮುಜುಗರ ಇಲ್ಲ ಅಂತ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಲು ಹಿಡಿಯುವುದಕ್ಕೆ ಮಾತ್ರ ನನ್ನ ಕೈಯೇ ಬೇಕಾಗಿತ್ತು. ಆ ಪೆನ್ಸಿಲನ್ನು ಚೂಪು ಮಾಡುತ್ತಿದ್ದದ್ದು, ಉಸಿರು ಬಿಗಿಹಿಡಿಯುತ್ತಿದ್ದದ್ದು, ಊಟಕ್ಕೆ ಕರೆದರೆ ತಡಿ ಎನ್ನುತ್ತಿದ್ದದ್ದು. ಅಷ್ಟು ಶ್ರದ್ಧೆಯಿಂದ ನನ್ನನ್ನು ಮನೆಯಿಂದ ಹೊರಗಿಡುವ ಗೆರೆ ಎಳೆಯುತ್ತಿದ್ದ. ನಾನು ಸಕ್ಕರೆ ಹೆಚ್ಚು ಹಾಕುತ್ತಿದ್ದೆ.

ಬೈಯಬೇಕೆಂದುಕೊಂಡೆ. ಬೇರೆ ಮನೆಗಳಲ್ಲಿ ಇಂಥ ಹೊತ್ತಿನಲ್ಲಿ ಪಾತ್ರೆ ಎಸೆಯುತ್ತಾರಂತೆ; ನನ್ನ ಪಾತ್ರೆಗಳೆಲ್ಲ ಕಾಗದ ಸುತ್ತಿ ಗಂಟಾಗಿದ್ದವು.

"ಟೀ ಕುಡ್ಕೊಂಡ್ ಹೊರಡಿ," ಎಂದೆ. "ಒಲೆ ಇನ್ನೂ ಬಿಚ್ಚಿಲ್ಲ."

"ನಾನೇನ್ ಶಾಶ್ವತಕ್ಕೆ ಬೇಡ ಅಂದ್ನಾ ಅತ್ತೆ," ಎಂದು ಮಗಳು ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. "ರಜೇಲಿ ಬಾ, ಹಾಲಲ್ಲಿ ಹಾಸಿಗೆ ಹಾಕ್ತೀನಿ. ಹತ್ತು ದಿನ ಇದ್ದು ಹೋಗು."

"ಹತ್ತು ದಿನಕ್ಕೆ ಅಂತ ಹೋಗೋದು ಅಪಾಯ ಕಣಮ್ಮ. ನಂಗೆ ಅನುಭವ ಇದೆ," ಎಂದೆ. ಅವಳು ಲೋಟಗಳನ್ನು ಎತ್ತಿಕೊಂಡು ಹೋದಳು.

ಸಾಮಾನು ಗಾಡಿ ಸೇರಿತು. ಅಣ್ಣನ ಮಂಚ ಬಿಚ್ಚಿ ಹೊತ್ತೊಯ್ದರು. ನನ್ನ ಮಂಚದ ಹತ್ತಿರ ಬಂದ ಕೂಲಿಯವನು "ಇದು?" ಎಂದ. ಯಾರೂ ಮಾತಾಡದಿದ್ದಾಗ ನಾನೇ "ಅದು ಇಲ್ಲೇ," ಎಂದೆ. ಪೆಟ್ಟಿಗೆಯನ್ನು ಗಾಡಿಯ ಹಿಂದೆ ಹಾಕಲು ಅಣ್ಣ ಒಪ್ಪಲಿಲ್ಲ. ಅಳಿಯನ ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಇಟ್ಟು, ತಾನು ಅದರ ಪಕ್ಕದಲ್ಲಿ ಮುದುರಿ ಕೂತ. ಬಾಗಿಲು ಹಾಕಿದ ಮೇಲೆ ಕಿಟಕಿಯ ಗಾಜು ಇಳಿಸಿದ. ಏನಾದರೂ ಹೇಳಲೆಂದು ಕಾದೆ. ಅವನೂ ನಾನು ಏನಾದರೂ ಹೇಳಲೆಂದು ಕಾಯುತ್ತಿದ್ದನೋ ಏನೋ.

ನನ್ನ ಬಾಯಿಂದ ಬಂದದ್ದು ಗಿರಾಕಿಗಳಿಗೆಲ್ಲ ಹೇಳುವ ಮಾತು. "ಅಂಟು ಇನ್ನೂ ಹಸಿ ಇದೆ. ಒಂದೆರಡು ದಿನ ಮುಚ್ಚಳ ತೆಗೆದಿಡು. ಆವಿ ಒಳಗೇ ನಿಂತ್ರೆ ಬಣ್ಣ ಮೆತ್ತಗಾಗಿ, ಫೋಮ್ ಅಚ್ಚು ಟ್ಯಾಂಕಿನ ಮೇಲೆ ಕೂತ್ಬಿಡತ್ತೆ. ಒಂದೂ ಉಳಿಯಲ್ಲ."

ಅವನು ಅಂಗೈಯನ್ನು ಮುಚ್ಚಳದ ಮೇಲಿಟ್ಟ. "ಮಂಚದ ಕೆಳಗೆ ಮುಚ್ಚಳ ತೆಗೆಯೋಕೆ ಎಲ್ಲಾಗತ್ತೆ?"

"ಕೆಳಗೆ ಆಗಲ್ಲ. ಎರಡು ಅಂತಸ್ತೂ ಬಿಡಿಸಿ ಮಂಚದ ಮೇಲೆ ಹರವಿಡು."

"ಮಂಚ ಪೂರ್ತಿ ಬೇಕಾಗತ್ತಲ್ಲೇ. ನಾನೆಲ್ಲಿ ಮಲಗ್ಲಿ?"

ಮುಂದಿನ ಸೀಟಿನಲ್ಲಿ ಮಗಳು ತಲೆ ತಗ್ಗಿಸಿದಳು. ಅಳಿಯ ಕನ್ನಡಿಯಲ್ಲಿ ನನ್ನನ್ನು ನೋಡಿ, ಚಟಕ್ಕನೆ ಕಣ್ಣು ಸರಿಸಿ, ಕೀಲಿ ತಿರುಗಿಸಿದ. ಅಣ್ಣ ಮಾತ್ರ ಉತ್ತರಕ್ಕೆ ಕಾಯುತ್ತಾ, ನಿಜವಾದ ಗಾಬರಿಯಲ್ಲಿ, ನನ್ನನ್ನೇ ನೋಡುತ್ತಿದ್ದ. ಮನೆಯಲ್ಲಿ ಏನೇ ಆದರೂ ಅವನು ಹಾಗೆ ನನ್ನನ್ನೇ ನೋಡುವುದು ರೂಢಿ.

ನಾನು ಕಿಟಕಿಯಿಂದ ಹಿಂದೆ ಸರಿದು, ಕಾರಿಗೆ ಹೋಗಲು ದಾರಿ ಬಿಟ್ಟೆ.